ಹಳದಿ ಎಳೆ ಕಟ್ಟಿದ ಟಮಾಟಿ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸದಾ ಹಸಿರುಗಪ್ಪಾಗಿರುತ್ತಿದ್ದವು. ನಮ್ಮ ಬಚ್ಚಲಲ್ಲಿ ಕೈ ತೊಳೆಯಲು ನಿಂತರೆ ಸೋಪಿನ ಬಿಳಿ ನೊರೆ ಆ ಬೆರಳುಗಳ ಸಂದಿಯಲ್ಲಿ ನಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತಿತ್ತು. ಎಷ್ಟು ಉಜ್ಜಿದರೂ ಬಣ್ಣ ಬಿಡುತ್ತಲೇ ಇರುತ್ತಿತ್ತು. "ಟಮಾಟಿ ಗಿಡದ ಜಿಗಿ ಇದು ತಂಗಿ, ಸೋಪಿಗೆಲ್ಲಾ ಬಗ್ಗಂಗಿಲ್ಲ," ಎಂದು ಸೆರಗಿಗೆ ಒರೆಸಿಕೊಂಡು, ಅದೇ ಬೆರಳಿಂದ ರೊಟ್ಟಿ ಮುರಿಯುತ್ತಿದ್ದರು. ಅವರ ಸೀರೆಗಳೆಲ್ಲ ನಮ್ಮೂರಿನ ಮಗ್ಗದವೇ, ಒಳ್ಳೆಯ ಚೌಕಳಿಯವು. ಒಂದೊಂದರ ಸೆರಗಿನಲ್ಲೂ ಆ ಹಸಿರು ಕಲೆ ಇತ್ತು.

ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಟಮಾಟಿ ಮೇಡಂ ಎನ್ನುತ್ತಿದ್ದರು. ಎದುರಿಗಲ್ಲ, ಹಿಂದಿನಿಂದ. ನಾನು ಮೇಡಂ ಎಂದಷ್ಟೇ ಕರೆಯುತ್ತಿದ್ದೆ. ಅವರು ಹುಟ್ಟಿದ್ದು ಇದೇ ಓಣಿಯ ನೇಕಾರರ ಮನೆಯಲ್ಲಿ. ಓದಿ, ದೂರದ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ತರಕಾರಿ ತಳಿಗಳ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ತಿರುಗಿ ಬಂದು ನಮ್ಮ ಪಕ್ಕದ ಮನೆಯ ಮಾಳಿಗೆ ಮೇಲಿನ ಒಂಟಿ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಕೆಳಗೆ ಮಗ್ಗದ ಸದ್ದು, ಮೇಲೆ ಇವರು, ಸುತ್ತ ಕುಂಡಗಳು. ಕುಂಡ ಎಂದರೆ ಎಣ್ಣೆ ಡಬ್ಬಿ, ಒಡೆದ ಬಕೆಟ್ಟು, ಬಣ್ಣದ ಡ್ರಮ್ಮು. ಅವರ ಮಾಳಿಗೆಗೂ ನಮ್ಮ ಮಾಳಿಗೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ.

ನಮ್ಮ ಯಜಮಾನರು ಸೀರೆ ಅಂಗಡಿಯವರು. ಒಂದು ದಿನ ಗದ್ವಾಲ, ಒಂದು ದಿನ ಮಕ್ತಲ್ ಎಂದು ಬೆಳಿಗ್ಗೆ ಹೋದವರು ಸಂಜೆಗೇ ಬರುವುದು. ಮಗಳು ಮೆಹಬೂಬನಗರದ ಹಾಸ್ಟೆಲ್ಲಿನಲ್ಲಿ. ಮಧ್ಯಾಹ್ನ ಅನ್ನುವುದು ಈ ಊರಲ್ಲಿ ಬಹಳ ಉದ್ದ. ನಾನು ಸಂಡಿಗೆ ಒಣಹಾಕಲು ಮೇಲೆ ಹೋದಾಗ ಒಮ್ಮೆ ಅವರೇ ಕರೆದರು. "ಯವ್ವಾ, ನಿಂದು ಸಣ್ಣ ವಯಸ್ಸಿನ ಕಣ್ಣು. ಈ ಹೂವಿನಾಗ ಹಳದಿ ಕೊಳವಿ ಕಾಣ್ತೈತೇನು ನೋಡು."

ರಾಯಚೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೂವಿನ ಅಡ್ಡಕೊಯ್ತದ ಚಿತ್ರ ಬರೆಸುತ್ತಿದ್ದರು. ಪೆನ್ಸಿಲಿನಿಂದ ಗೆರೆ ಎಳೆದು ಪ್ರತಿ ಭಾಗಕ್ಕೂ ಹೆಸರು ಬರೆದು ನಾನು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ನಿಜವಾದ ಹೂವನ್ನು ಹಾಗೆ ಬಿಡಿಸಿ ನೋಡಿದ್ದು ಆ ಮಧ್ಯಾಹ್ನವೇ ಮೊದಲು.

ಅವರ ಮಾಳಿಗೆಯಲ್ಲಿ ಎರಡು ಕುಲದ ಗಿಡಗಳಿದ್ದವು. ಒಂದು ಜವಾರಿ ಟಮಾಟಿ, ಚಪ್ಪಟೆ, ಕುಂಬಳದಂತೆ ಗೆರೆ ಬಿದ್ದ ಮೈ, ತೆಳು ತೊಗಲು. ಮೊದಲು ಈ ಭಾಗದಲ್ಲೆಲ್ಲ ಬೆಳೆಯುತ್ತಿದ್ದದ್ದು ಅದೇ. ಲಾರಿಗೆ ಹಾಕಿದರೆ ಒಡೆಯುತ್ತದೆ ಎಂದು ಪೇಟೆಯವರು ಬಿಟ್ಟರು, ಬೇಸಿಗೆಯಲ್ಲಿ ಎಲೆ ಮುದುಡುವ ರೋಗ ಬಂದು ರೈತರೂ ಬಿಟ್ಟರು. ಹತ್ತಿರದ ನಾರ್ವ ಊರಿನ ಕಡೆ ಒಂದು ಹಿತ್ತಲಲ್ಲಿ ಉಳಿದಿದ್ದ ಗಿಡದಿಂದ ಇವರು ಬೀಜ ತಂದಿದ್ದರು. ಆಮೇಲೆ ಆ ಹಿತ್ತಲಿನಲ್ಲೂ ಅದು ಹೋಯಿತು. ಹಾಗಾಗಿ ಮೇಡಂ ಅವರಿಗೆ ಗೊತ್ತಿದ್ದ ಮಟ್ಟಿಗೆ ಆ ತಳಿ ಉಳಿದಿದ್ದು ಈ ಡಬ್ಬಿಗಳಲ್ಲಿ ಮಾತ್ರ. ಇನ್ನೊಂದು ಕಾಡು ಟಮಾಟಿ. ಅದರ ಎಲೆ, ಕಾಂಡ, ಕಾಯಿಯ ಮೇಲೆಲ್ಲ ಬಿಳಿ ರೋಮ. ಮುಟ್ಟಿದರೆ ಕೈಗೆ ಅಂಟು, ಹತ್ತಿರ ಹೋದರೆ ಮೂಗು ಮುರಿಯುವ ವಾಸನೆ. ಕಾಯಿ ಹಣ್ಣಾದರೂ ಹಸಿರಾಗೇ ಇರುತ್ತಿತ್ತು, ಬಾಯಿಗಿಟ್ಟರೆ ಕಹಿ.

"ತಿನ್ನಾಕ ಬರಲಾರದ್ದು ಯಾಕ ಬೆಳೀತೀರಿ?" ಎಂದೆ.

"ಇದರ ಎಲಿ ಮುದುಡಂಗಿಲ್ಲ ನೋಡು. ಆ ರೋಗ ತರೋ ಬಿಳಿ ನೊಣ ಇದರ ಮ್ಯಾಲೆ ಕೂಡಂಗಿಲ್ಲ. ಕೂತ್ರೂ ಇದಕ್ಕ ಏನೂ ಆಗಂಗಿಲ್ಲ." ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ತಿರುಗಿದರು. "ಪ್ಯಾಟ್ಯಾಗ ಸಿಗೋ ಟಮಾಟಿ ಅದಾವಲ್ಲ, ಉದ್ದಂದು, ಗುಂಡಂದು, ಎಲ್ಲಾ ಒಂದೇ ಮನೀ ಮಕ್ಳು. ಯಾವಾಗೋ ಯಾರೋ ಹಿಡಿಯಷ್ಟು ಬೀಜ ಸಮುದ್ರ ದಾಟಿಸಿ ತಂದ್ರು, ಅದರಾಗ ಎಲ್ಲಾ ಹುಟ್ಯಾವ. ನಮ್ಮ ಕಡೆ ಸೋದರಮಾವಗ ಕೊಡ್ತಾರಲ್ಲ, ಹಂಗ ಒಳಗಿಂದೊಳಗ ಕೊಟ್ಟು ತಂದು ಮಾಡ್ಯಾರ. ಒಂದಕ್ಕ ಜ್ವರ ಬಂದ್ರ ಎಲ್ಲಾಕ್ಕೂ ಬರ್ತೈತಿ. ದೂರದ ಬೀಗರನ್ನ ತರಬೇಕು. ಬೀಗರು ಬಂದ್ರ ಅವ್ರ ಮೈವಾಸನಿ, ಕಹಿ ಎಲ್ಲಾ ಬರ್ತಾವ. ಮತ್ತ ಮತ್ತ ಜವಾರಿಗೇ ಕೂಡಿಸಿಕೋತ ಹೋದ್ರ ಕಹಿ ಕಳೀತೈತಿ, ಗಟ್ಟಿತನ ಉಳೀತೈತಿ. ತಾಳ್ಮಿ ಬೇಕಷ್ಟ."

ಜವಾರಿಯ ಹುಳಿ, ಕಾಡಿನ ಗಟ್ಟಿತನ, ಎರಡೂ ಇರುವ ಒಂದು ಗಿಡ. ಅದು ಅವರ ಆಸೆ. ಕೇಂದ್ರದಲ್ಲಿ ಅವರು ಹೊರಬಂದ ಮೇಲೆ ಆ ಕೆಲಸ ನಿಂತಿತ್ತು, ಹುಳಿ ಹಣ್ಣು ಯಾರಿಗೂ ಬೇಕಿರಲಿಲ್ಲ. ಉಳಿದ ಬೀಜವನ್ನು ಕೇಳಿ, ಒಪ್ಪಿಗೆ ಪಡೆದು ತಂದಿದ್ದರು.

ಸೋದರಮಾವನ ಮಾತು ಅವರು ಸುಮ್ಮನೆ ಎತ್ತಿದ್ದಲ್ಲ ಎಂದು ಬಹಳ ದಿನದ ಮೇಲೆ ತಿಳಿಯಿತು. ಹುಡುಗಿಯಾಗಿದ್ದಾಗ ಅವರನ್ನು ಮಾವನಿಗೇ ಕೊಡುವುದೆಂದು ಮಾತಾಗಿತ್ತಂತೆ. ಒಲ್ಲೆ, ಓದುತ್ತೇನೆ ಎಂದರು. ಮನೆಯವರು ಮಾತು ಬಿಟ್ಟರು. ಬಿಟ್ಟವರು ಒಬ್ಬೊಬ್ಬರಾಗಿ ತೀರಿಯೂ ಹೋದರು. "ಸಿಟ್ಟು ಇಳಿಯಾಕ ಪುರುಸೊತ್ತು ಕೊಡಲಿಲ್ಲ ಯಾರೂ," ಎಂದಿದ್ದರು ಒಮ್ಮೆ, ಎಲೆ ತಿರುವಿ ನೋಡುತ್ತ. ಅಷ್ಟೇ ಹೇಳಿದ್ದು.

ಹಬ್ಬದ ದಿನ ನಾನು ಹೋಳಿಗೆ ತೆಗೆದುಕೊಂಡು ಹೋದರೆ ಅವರ ಒಲೆಯ ಮೇಲೆ ದಿನದಂತೆ ಉಪ್ಪಿಟ್ಟು. ನಿಂತೇ ತಿನ್ನುತ್ತಿದ್ದರು. ಚಹಾ ಮಾಡಿ ತಟ್ಟೆ ಮುಚ್ಚಿ ಮರೆಯುತ್ತಿದ್ದರು. ಕೈಗಡಿಯಾರವನ್ನು ಒಳಮಣಿಕಟ್ಟಿಗೆ ಕಟ್ಟಿಕೊಂಡಿದ್ದರು, ಹೂ ಹಿಡಿದಾಗಲೂ ವೇಳೆ ಕಾಣಲಿ ಎಂದು. ಕೋಣೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಯಾವಾಗಲೂ ಬೀಜ ಒಣಗುವ ತಟ್ಟೆ. ನಾನು ಹೋದರೆ ತಟ್ಟೆ ಎತ್ತಿ ಎಲ್ಲಿಡುವುದೆಂದು ಸ್ವಲ್ಪ ಹೊತ್ತು ತಿರುಗುತ್ತಿದ್ದರು. ಆ ಕುರ್ಚಿಗೆ ಕೂಡುವವರ ರೂಢಿಯೇ ಇರಲಿಲ್ಲ.

ಹೂ ಕೂಡಿಸುವುದನ್ನು ನನಗೆ ಕಲಿಸಿದರು. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆ ಹಿಡಿಯಬೇಕು. ಚಿಮಟದಿಂದ ಒಳಗಿನ ಹಳದಿ ಕೊಳವೆಯನ್ನು ಮಾತ್ರ ಮೆಲ್ಲಗೆ ಬಿಡಿಸಿ ತೆಗೆಯಬೇಕು, ಇಲ್ಲದಿದ್ದರೆ ಅದು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಮರುದಿನ ಬೆಳಿಗ್ಗೆ ಮತ್ತೊಂದು ಗಿಡದ ಪರಾಗವನ್ನು ಹೆಬ್ಬೆರಳಿನ ಉಗುರಿನ ಮೇಲೆ ಉದುರಿಸಿಕೊಂಡು ಈ ಹೂವಿನ ನಡುವಿನ ಕಡ್ಡಿಗೆ ತಾಗಿಸಬೇಕು. ಹಾಗೆ ಕೂಡಿಸಿದ ಹೂವಿನ ತೊಟ್ಟಿಗೆ ಹಳದಿ ನೂಲಿನ ಎಳೆ ಕಟ್ಟುತ್ತಿದ್ದರು. ನೂಲು ಕೆಳಗಿನ ಮಗ್ಗದ್ದು. ಆ ಎಳೆ ಇದ್ದ ಕಾಯಿಯ ಬೀಜವೇ ಮುಂದಿನ ಹೆಜ್ಜೆ. ಎಳೆಯಿಲ್ಲದ್ದು ಸಾರಿಗೆ.

ಮಗ್ಗ ನೇಯುವ ಕೆಳಮನೆಯಾಕೆಗೆ ಒಬ್ಬಳೇ ಮಗಳು, ಮಕ್ತಲ್‌ಗೆ ಕೊಟ್ಟಿದ್ದರು. ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಆಕೆ ಬಾಯಿ ಜೋರು, ಅರ್ಧ ಕನ್ನಡ ಅರ್ಧ ತೆಲುಗು. "ಏಂಟಿ ಮೇಡಂ, ಗಿಡಕ್ಕ ಹೆರಿಗಿ ಮಾಡ್ಸಾಕತ್ತೀರೇನು?" ಎಂದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದಳು. ಮೇಡಂ ನಗುತ್ತಿದ್ದರು. ಮಗ್ಗದ ಸದ್ದು ನಿಂತಾಗ, ನನ್ನನ್ನು ಬಿಟ್ಟರೆ, ಓಣಿಯಲ್ಲಿ ಅವರನ್ನು ಮಾತಾಡಿಸುತ್ತಿದ್ದವಳು ಆಕೆಯೊಬ್ಬಳೇ.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಮೇಡಂ ಕಣ್ಣಿನ ಪೊರೆ ತೆಗೆಸಬೇಕಾಯಿತು. ಜೊತೆಗೆ ಯಾರೂ ಇಲ್ಲದ್ದರಿಂದ ನಾನೇ ರಾಯಚೂರಿಗೆ ಕರೆದುಕೊಂಡು ಹೋಗಿ, ನನ್ನ ತವರಿನಲ್ಲಿಟ್ಟುಕೊಂಡು ಆರೈಕೆ ಮಾಡಿದೆ. ಗಿಡಗಳಿಗೆ ನೀರು ಹಾಕುವುದನ್ನು ಕೆಳಮನೆಯಾಕೆಗೆ ಒಪ್ಪಿಸಿದ್ದರು. ಆ ವರ್ಷದ ಕಾಯಿಗಳ ಮೇಲೆ ಅವರ ಜೀವವಿತ್ತು. ಹಲವು ಸಲ ಜವಾರಿಗೆ ಕೂಡಿಸಿ ಕೂಡಿಸಿ ಬಂದ ಕಾಯಿಗಳು, ವಾಸನೆ ಹೋಗಿತ್ತು, ಬಣ್ಣ ಬಂದಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗಲೂ, "ಹಳದಿ ಎಳೀದು ಯಾರೂ ಹರಿಯಂಗಿಲ್ಲಲ್ಲ?" ಎಂದು ಕೇಳುತ್ತಿದ್ದರು.

ಹಿಂತಿರುಗಿದೆವು. ನಾನು ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಮೇಲೆ ಹೋಗಿ ನೋಡಿದರೆ ಯಾವ ಕಾಯಿಯನ್ನೂ ಯಾರೂ ಕಿತ್ತಿರಲಿಲ್ಲ. ಆದರೆ ಎಲ್ಲ ಗಿಡಗಳ ಎಲ್ಲ ಕಾಯಿಗಳ ತೊಟ್ಟಿಗೂ ಹಳದಿ ಎಳೆ. ಡಬ್ಬಿಗಳಿಗೆ ಅರಿಶಿನ, ಕುಂಕುಮ. ಬಣ್ಣದ ಡ್ರಮ್ಮಿನ ಮುಂದೆ ಒಡೆದ ತೆಂಗಿನಕಾಯಿಯ ಚಿಪ್ಪು.

ಕೆಳಮನೆಯಾಕೆ ಹಿಂದೆಯೇ ಬಂದಳು, ಮುಖ ಅರಳಿತ್ತು. "ಅಕ್ಕಾರ, ನನ್ನ ಮಗಳಿಗೆ ಬಸಿರು ನಿಂತೈತ್ರಿ. ನೀವು ಎಳಿ ಕಟ್ಟೋದು ನೋಡಿ, ನೀವು ಊರಿಗೆ ಹೋಗೋಕಿಂತ ಮುಂಚೇನ ನಾನೂ ಒಂದು ಕಾಯಿಗೆ ಕಟ್ಟಿದ್ದೆ. ಮಕ್ತಲ್‌ದಿಂದ ಸುದ್ದಿ ಬಂತು. ಓಣಿ ಹೆಣ್ಮಕ್ಳು ಸುಮ್ನ ಇರ್ತಾರೇನು?"

"ಅದು ಹರಕಿ ಅಂತ ನಿಂಗ ಯಾರು ಹೇಳಿದ್ರು?" ಎಂದರು ಮೇಡಂ.

"ಯಾರು ಹೇಳಬೇಕ್ರಿ? ನೀವು ಮದ್ವಿ ಆಗಲಾರ್ದೋರು, ದಿನಾ ಬೆಳಿಗ್ಗೆ ಮಡೀಲೆ ಬಂದು ಕಟ್ತೀರಿ. ಏನೋ ಆಸಿ ಐತಿ ಪಾಪ, ಕೇಳಬಾರದು ಅಂತ ಬಿಟ್ಟೆ."

ನಾನು ಆ ಎಳೆಗಳನ್ನು ಮುಟ್ಟಿ ನೋಡಿದೆ. ಎಲ್ಲ ಅದೇ ಮಗ್ಗದ ನೂಲು, ಅದೇ ಲಡಿ. ಬೇರೆ ಮಾಡುವ ದಾರಿಯೇ ಇರಲಿಲ್ಲ. ಬಿಚ್ಚಿಬಿಡಲೇ ಎಂದು ಕೈಹಾಕಿದೆ. ಮೇಡಂ ನನ್ನ ಕೈ ಹಿಡಿದರು. "ಬ್ಯಾಡ ಬಿಡು. ಬಿಚ್ಚಿದ್ರ ನನಗೇನು ತಿಳೀತೈತಿ? ಅವ್ರಿಗೆ ಮಾತ್ರ ಸಂಕಟ." ಹೊಸ ಕಣ್ಣಿನಿಂದ ಬಹಳ ಹೊತ್ತು ಗಿಡಗಳನ್ನು ನೋಡಿದರು. ಕೆಳಮನೆಯಾಕೆ ಇಳಿದು ಹೋದ ಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನು ಗೋಡೆ ದಾಟಿ ನಮ್ಮ ಮನೆಗೆ ಬಂದೆ.

ದಾರಿ ಉಳಿದಿದ್ದು ಒಂದೇ. ಎಲ್ಲ ಕಾಯಿಗಳ ಬೀಜವನ್ನೂ ಬಿತ್ತಿ, ಬೇಸಿಗೆಯ ಬಿಳಿ ನೊಣಕ್ಕೆ ಒಡ್ಡಿ, ಯಾವ ಗಿಡ ನೆಟ್ಟಗೆ ನಿಲ್ಲುತ್ತದೋ ನೋಡುವುದು. ಅಷ್ಟು ಗಿಡಕ್ಕೆ ಮಾಳಿಗೆಯಲ್ಲಿ ಜಾಗ ಸಾಲದು. ಮೇಡಂ ಓಣಿಯ ಹೆಂಗಸರನ್ನೆಲ್ಲ ಕರೆದರು. ಎಳೆ ಕಟ್ಟಿದವರೆಲ್ಲ ಒಂದೊಂದು ಸಸಿಯನ್ನು ಒಯ್ದು ಸಾಕಬೇಕು ಎಂದರು. ಹರಕೆಯ ಸಸಿಯನ್ನು ಯಾರು ಬೇಡವೆನ್ನುತ್ತಾರೆ? ಆ ಚಳಿಗಾಲದಲ್ಲಿ ನಮ್ಮ ಓಣಿಯಲ್ಲಿ ಕಟ್ಟೆಗೊಂದು ಟಮಾಟಿ. ಅಕ್ಕಿ ತೊಳೆದ ನೀರು, ಸಗಣಿ, ಸಂಜೆಗೆ ದೀಪ. ಮೇಡಂ ದಿನಾ ಒಂದು ಸುತ್ತು ಬರುತ್ತಿದ್ದರು. ಪ್ರತಿ ಬಾಗಿಲಲ್ಲೂ, "ಬರ್ರಿ ಮೇಡಂ, ಚಾ ಕುಡೀರಿ," ಎನ್ನುತ್ತಿದ್ದರು. ಅವರು ಹುಟ್ಟಿದ ಓಣಿಯಲ್ಲಿ ಅಷ್ಟು ಬಾಗಿಲು ಅವರಿಗೆ ತೆರೆದದ್ದನ್ನು ನಾನು ಕಂಡದ್ದು ಅದೊಂದು ಚಳಿಗಾಲ. ಚಹಾ ಕುಡಿದು ಕುಡಿದು ರಾತ್ರಿ ಊಟ ಸೇರುವುದಿಲ್ಲ ಎಂದು ನನ್ನ ಹತ್ತಿರ ದೂರುತ್ತಿದ್ದರು, ಖುಷಿಯಿಂದ.

ಬಿಸಿಲು ಏರಿತು. ಬಿಳಿ ನೊಣ ಬಂತು. ಒಂದೊಂದೇ ಗಿಡದ ಎಲೆ ಮುದುಡಿ, ಹಳದಿಯಾಗಿ, ಬೆಳೆಯುವುದು ನಿಂತಿತು. ಮೇಡಂಗೆ ಅದು ಗೊತ್ತಿದ್ದದ್ದೇ, ಬೇಕಾದದ್ದೇ. ಹೆಂಗಸರಿಗೆ ಅದು ಅಪಶಕುನ. ಇದು ರೋಗ, ನಿಮ್ಮ ಹರಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೇಡಂ ಮನೆಮನೆಗೆ ಹೋಗಿ ಹೇಳಿದರು. ಹೆಂಗಸರು ತಲೆಯಾಡಿಸಿದರು, ನಂಬಲಿಲ್ಲ. ಒಂದು ಬೆಳಿಗ್ಗೆ ಮೇಡಂ ಬಾಗಿಲು ತೆರೆದರೆ ಮೆಟ್ಟಿಲ ತುಂಬ ಡಬ್ಬಿಗಳು. ಯಾರೂ ಕಾಣದ ಹೊತ್ತಿನಲ್ಲಿ ತಂದಿಟ್ಟು ಹೋಗಿದ್ದರು. ಇಳಿಯಲು ಜಾಗವಿರಲಿಲ್ಲ. ನಾನು ಈ ಕಡೆಯಿಂದ ಹೋಗಿ ಒಂದೊಂದಾಗಿ ಎತ್ತಿಟ್ಟೆ. ಅಂದಿನಿಂದ ಆ ಬಾಗಿಲುಗಳಲ್ಲಿ ಚಹಾದ ಮಾತು ನಿಂತಿತು. ಅವರು ಹೋಗುತ್ತಿದ್ದರೆ ಕೆಲವರು ಒಳಗೆ ಸರಿದುಬಿಡುತ್ತಿದ್ದರು.

ಮೇಡಂ ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಎರಡು ದಿನ ನೋಡಿದರು. ಎಲ್ಲವೂ ಮುದುಡಿದವೇ. "ಎಳೀದು ಕಾಯಿ ಇದರಾಗ ಒಂದೂ ಇಲ್ಲ ಅಂದ್ರ, ಎಲ್ಲೋ ಒಂದು ಬಿಟ್ಟೀವಿ," ಎಂದರು.

ಬಿಟ್ಟದ್ದು ಕೆಳಮನೆಯಲ್ಲಿತ್ತು. ಆಕೆ ತನ್ನ ಸಸಿಯನ್ನು ಹಿಂದಿನ ಅಂಗಳದಲ್ಲಿ ಗೋಣಿಚೀಲದ ಮರೆ ಕಟ್ಟಿ ಬಚ್ಚಿಟ್ಟಿದ್ದಳು. ಮಗಳಿಗೆ ಸೀಮಂತದ ಕುಬಸ ಮಾಡಿ ಹೆರಿಗೆಗೆ ಕರೆದುಕೊಂಡು ಬಂದಿದ್ದಳು. ನಾನು ಬಾಣಂತಿ ಖಾರಕ್ಕೆಂದು ಮೆಣಸು ಕೊಡಲು ಹೋದಾಗ ಆ ಮರೆಯ ಮೇಲಿಂದ ಇಣುಕುತ್ತಿದ್ದ ಚಿಗುರನ್ನು ಕಂಡೆ. ನೆಟ್ಟಗಿತ್ತು. ಓಡಿ ಮೇಡಂಗೆ ಹೇಳಿದೆ. ಅವರು ಇಳಿದು ಬಂದು ಕೆಳಮನೆಯಾಕೆಯನ್ನು ಕೇಳಿದರು.

"ನನಗ ಯಾಕ ತೋರ್ಸಲಿಲ್ಲ ಯಮ್ಮಾ?"

"ಬೈಬ್ಯಾಡ್ರಿ ಅಕ್ಕಾರ. ಆಪರೇಸನ್ ಆದ ಕಣ್ಣು ಭಾಳ ಚೂಪು ಇರ್ತಾವಂತ. ನಿಮ್ಮ ದೃಷ್ಟಿ ತಾಕಿದ್ರ ಅಂತ ಅಂಜಿದ್ನಿರಿ."

ಮೇಡಂ ನಕ್ಕರು. ಆದರೆ ಕಷ್ಟ ಮುಗಿದಿರಲಿಲ್ಲ. ಮರೆಯಲ್ಲಿದ್ದದ್ದರಿಂದ ನೊಣ ತಾಕದೆ ಉಳಿದಿದೆಯೋ, ನಿಜಕ್ಕೂ ಗಟ್ಟಿಯೋ, ಹೇಗೆ ತಿಳಿಯಬೇಕು? ರೋಗದ ಗಿಡಗಳ ನಡುವೆ ಇಟ್ಟು ನೋಡಬೇಕು. ತುಂಬು ಬಸುರಿ ಮಗಳನ್ನು ಮನೆಯಲ್ಲಿಟ್ಟುಕೊಂಡ ತಾಯಿ ಅದಕ್ಕೆ ಒಪ್ಪಲಿಲ್ಲ. ಒಂದು ಟೊಂಗೆ ಕೊಡು, ಬೇರು ಬರಿಸಿಕೊಳ್ಳುತ್ತೇನೆ ಎಂದರೆ, "ಕಬ್ಬಿಣ ತಾಕಿಸಬ್ಯಾಡ್ರಿ ಅದಕ್ಕ, ಹೆರಿಗಿ ಆಗೋತನಕ," ಎಂದಳು. ಬಸುರಿಯಿರುವ ಮನೆಯ ಹರಕೆ ಗಿಡಕ್ಕೆ ಕತ್ತರಿ ಹಾಕುವುದುಂಟೇ?

ಮೇಡಂ ವಾದಿಸಲಿಲ್ಲ. ಕೈ ತೊಳೆದುಕೊಂಡು ಬಂದರು. ಮಗಳನ್ನು ಕರೆಸಿ ಗಿಡದ ಪಕ್ಕ ಮಣೆಯ ಮೇಲೆ ಕೂರಿಸಿದರು. "ನೀನ ಮುರಿದು ಕೊಡವಾ, ಕೈಲೆ," ಎಂದು ಎಲೆಯ ಸಂದಿಯಲ್ಲಿನ ಒಂದು ಎಳೆಯ ಟೊಂಗೆ ತೋರಿಸಿದರು. ಆ ಹುಡುಗಿ ತಾಯಿಯ ಮುಖ ನೋಡಿ, ಉಗುರಿನಿಂದ ಚಿವುಟಿ, ಮೇಡಂ ಅವರ ಅಂಗೈಯಲ್ಲಿಟ್ಟಳು. ನೀರಿನ ಲೋಟದಲ್ಲಿ ಅದು ಬೇರು ಬಿಟ್ಟಿತು. ಮುದುಡಿದ ಗಿಡಗಳ ನಟ್ಟನಡುವೆ, ಬೆನ್ನ ಮೇಲೆ ಬಿಳಿ ನೊಣ ಹೊತ್ತುಕೊಂಡೇ, ನೆಟ್ಟಗೆ ಬೆಳೆಯಿತು. ಕೆಳಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಅದರ ತೊಟ್ಟಿಲ ಕಾರ್ಯಕ್ಕೆ ಹೋಗಿ ಬಂದ ದಿನ ಮೇಡಂ ಸಂಜೆಯ ತನಕ ಮಾಳಿಗೆಯಲ್ಲೇ ಕೂತಿದ್ದರು.

ಆ ಗಿಡದ ಹಣ್ಣು ಕೆಂಪಗಿತ್ತು, ಹುಳಿಯೂ ಇತ್ತು, ಆದರೆ ನುಂಗುವಾಗ ಚೆನ್ನಾಗಿಯೇ ಕಹಿ. "ಇನ್ನೊಂದು ಸಲ ಜವಾರಿಗೆ ಕೂಡಿಸಿದ್ರ ಹೋಗಬೇಕು," ಎಂದರು. ಆ ಸಲ ಅವರ ಕೈ ನಡುಗುತ್ತಿತ್ತು. ಹೂ ಕೂಡಿಸಿದ್ದು ನಾನು. ಅವರು ಕುರ್ಚಿಯಲ್ಲಿ ಕೂತು, "ಎಳಿಬ್ಯಾಡ, ಬಿಡಿಸು. ಬಿಡಿಸು," ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಎಂದು ಆಮೇಲೆ ತಿಳಿಯಿತು.

ಬೀಜ ಬಿತ್ತಿ, ಸಸಿ ಎಬ್ಬಿಸಿ, ಬೇಸಿಗೆ ದಾಟಿಸಿದ್ದೆಲ್ಲ ನಾನೊಬ್ಬಳೇ. ಅವರು ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ನೆಟ್ಟಗೆ ನಿಂತ ಗಿಡದಲ್ಲಿ ಮೊದಲ ಹಣ್ಣು ಬಂದಾಗ ಕರವಸ್ತ್ರದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ತೆಳು ತೊಗಲು, ಒಡೆದೀತೆಂಬ ಭಯ. ಮಕ್ತಲ್ ದಾಟಿ, ಕೃಷ್ಣೆಯ ಸೇತುವೆ ದಾಟುವ ತನಕ ಕೈ ತೆಗೆಯಲಿಲ್ಲ.

ಅವರು ಬಹಳ ಸಣ್ಣಗಾಗಿದ್ದರು. ತಲೆಗೆ ನಮ್ಮೂರ ಹತ್ತಿಯ ವಸ್ತ್ರ. ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು, ಗೆರೆಗಳ ಮೇಲೆ ಬೆರಳಾಡಿಸಿದರು. ನಾನು ಹೋಳು ಮಾಡಿ ಬಾಯಿಗಿಟ್ಟೆ. ಅಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಔಷಧಕ್ಕ ನಾಲಿಗಿ ಸತ್ತೈತಿ ತಂಗಿ. ತಗಡು ನೆಕ್ಕಿದಂಗ ಐತಿ. ನೀ ತಿಂದು ಹೇಳು."

ಇನ್ನೊಂದು ಹೋಳನ್ನು ನಾನು ತಿಂದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಮೊದಲು ಹುಳಿ, ದವಡೆ ಹಿಂಡುವಂಥ ಜವಾರಿ ಹುಳಿ, ಹಿಂದೆಯೇ ಒಂದಿಷ್ಟು ಸಿಹಿ. ನುಂಗಿದ ಮೇಲೆ, ನಾಲಿಗೆಯ ಬುಡದಲ್ಲಿ, ಹುಡುಕಿದರೆ ಸಿಗುವಷ್ಟು ಕಹಿ. ಹುಡುಕದಿದ್ದರೆ ಇಲ್ಲ.

ಇಲ್ಲ ಎಂದುಬಿಡಬಹುದಿತ್ತು. ಮಂಚದ ಹತ್ತಿರ ಬೇರೆ ಯಾರೂ ಇರಲಿಲ್ಲ.

"ಖರೇ ಹೇಳು," ಎಂದರು.

"ಕಡೀಗೆ ಒಂದೀಟು ಕಹಿ ಐತ್ರಿ, ಮೇಡಂ."

ಅವರು ಕಣ್ಣು ಮುಚ್ಚಿಕೊಂಡರು. ತಪ್ಪು ಮಾಡಿದೆನೇ ಎಂದುಕೊಂಡೆ. ಆದರೆ ಅವರ ತುಟಿಯ ಒಂದು ಬದಿ ಮೆಲ್ಲಗೆ ಮೇಲೆದ್ದಿತು. "ನಾನೂ ಅದ ಅಂದ್ಕೊಂಡಿದ್ದೆ," ಎಂದರು. "ಅದು ಗೊತ್ತಾತಲ್ಲ ನಿನಗ. ಸಾಕು. ಇನ್ನೊಂದ್ ಸಲ ಕೂಡಿಸು."

ಮುಂದಿನ ವಾರ ತೀರಿಕೊಂಡರು. ಓಣಿಗೆ ತಂದಾಗ ಕೆಳಮನೆಯಾಕೆ ಮಗ್ಗ ನಿಲ್ಲಿಸಿ, ಮೊಮ್ಮಗಳನ್ನು ಸೊಂಟಕ್ಕೆತ್ತಿಕೊಂಡು ಬಂದು ಜೋರಾಗಿ ಅತ್ತಳು. ಬಾಗಿಲು ಹಾಕಿಕೊಂಡಿದ್ದವರಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ.

ನನ್ನನ್ನು ಮನೆಯಲ್ಲಿ ಯಾರೂ ಖರೇ ಹೇಳು ಎಂದು ಕೇಳಿದವರಲ್ಲ. ಸಾರು ಹೇಗಿದೆ ಎಂದು ನಾನು ಕೇಳುವುದು, ಚಲೋ ಐತಿ ಎಂದು ಯಜಮಾನರು ಅನ್ನುವುದು, ಇದೇ ನಮ್ಮ ರೂಢಿ. ನನ್ನ ನಾಲಿಗೆಯನ್ನು ನಂಬಿ, ಅದು ಹೇಳುವ ಕಹಿಗಾಗಿ ಕಾದವರು ಮೇಡಂ ಒಬ್ಬರೇ. ಆ ಋಣಕ್ಕೆ ಬೇರೆ ದಾರಿ ಕಾಣದೆ ಅವರು ಹೇಳಿದಂತೆ ಇನ್ನೊಂದು ಸಲ ಕೂಡಿಸಿದೆ. ಸಂಜೆ ಮೊಗ್ಗು ಬಿಡಿಸುವಾಗ ಎಳೆಯುತ್ತಿದ್ದೇನೋ, ಬಿಡಿಸುತ್ತಿದ್ದೇನೋ ಎಂದು ಕೈ ತಡೆಯುತ್ತದೆ. ಕೇಳಲು ತಿರುಗಿದರೆ ಗೋಡೆಯಾಚೆ ಬರಿಯ ಮಾಳಿಗೆ.

ಈ ಬೇಸಿಗೆಯನ್ನು ದಾಟಿ ಒಂದು ಗಿಡ ನೆಟ್ಟಗೆ ನಿಂತಿದೆ. ಕಾಯಿ ಇನ್ನೂ ಹಸಿರು. ಹಣ್ಣಾದ ಮೇಲೆ ತಿಂದು ನೋಡುತ್ತೇನೆ, ನುಂಗಿದ ಮೇಲೂ ಕಾದು ನೋಡುತ್ತೇನೆ. ಕಹಿ ಉಳಿದಿರಬಹುದು, ಹೋಗಿರಬಹುದು. ಯಾವುದಾದರೂ ಸರಿ, ಅದನ್ನು ಹೇಳಬೇಕಾದವರು ಇಲ್ಲ.